ಇಂಗ್ಲೆಂಡಲ್ಲಿ ಕೌನ್ಸಿಲ್ ಮನೇಲಿರೋರ ಮಾತು ಸರ್ಕಾರದ ತನಕ ಹೋಗುತ್ತಾ?

ನೀವು ಕೇಳಿರೋದು, ಇಂಗ್ಲೆಂಡಲ್ಲಿ ಕೌನ್ಸಿಲ್ (ಊರಿನ ಸ್ಥಳೀಯ ಆಡಳಿತ) ಅಥವಾ ಹೌಸಿಂಗ್ ಅಸೋಸಿಯೇಷನ್ (ಲಾಭಕ್ಕಲ್ಲದೆ ಕಡಿಮೆ ಬಾಡಿಗೆಗೆ ಮನೆ ಕೊಡೋ ಸಂಸ್ಥೆ) ಮನೇಲಿ ಬಾಡಿಗೆಗಿರೋರಿಗೆ ದೇಶದ ವಸತಿ ನೀತಿ ಮಾಡುವಾಗ ಒಂದು ಮಾತು ಹೇಳೋ ಜಾಗ ಬೇಕಾ, ಅವರವರ ಬಿಲ್ಡಿಂಗಿನ ಟೆನೆಂಟ್ ಮೀಟಿಂಗೇ ಸಾಲ್ದಾ ಅಂತ. ಸಾಲಲ್ಲ. ನಾನು 9 ವರ್ಷದಿಂದ ಮ್ಯಾಂಚೆಸ್ಟರ್ ಹತ್ರ ಹೌಸಿಂಗ್ ಅಸೋಸಿಯೇಷನ್ ಫ್ಲಾಟಲ್ಲಿದೀನಿ, 3 ವರ್ಷದಿಂದ ಬಾಡಿಗೆದಾರರ ಮಾತು ಅವರಿಗೆ ಮುಟ್ಟಿಸೋ ಟೆನೆಂಟ್ ಪ್ಯಾನೆಲಲ್ಲೂ ಇದೀನಿ.

ಮೊದಲನೇ ಚಳಿಗಾಲಕ್ಕೇ ನಮ್ಮ ಬೆಡ್‌ರೂಮ್ ಗೋಡೆಗೆ ಕಪ್ಪು ಬೂಷ್ಟು ಹಿಡೀತು. ಕಂಪ್ಲೇಂಟ್ ಕೊಟ್ಮೇಲೆ ಬಂದ ಹುಡುಗ ಗೋಡೆಗಿಂತ ಮುಂಚೆ ಅಡುಗೆಮನೆ ನೋಡ್ದ, ದಿನಾ ಅನ್ನ ಬೇಯಿಸ್ತೀರಾ, ಬಟ್ಟೆ ಒಳಗೇ ಒಣಗಿಸ್ತೀರಾ ಅಂತ ಕೇಳ್ದ, ಬ್ಲೀಚ್ ಹಾಕಿ ಒರೆಸಿ ಕಿಟಕಿ ತೆಗೆದಿಡಿ ಅಂದು ಹೊರಟ. ಪ್ರತಿ ಚಳಿಗಾಲಕ್ಕೂ ಇದೇ ಕಥೆ, ಕೊನೆಕೊನೆಗೆ ನಾವೇ ಏನೋ ತಪ್ಪು ಮಾಡ್ತಿದೀವೇನೋ ಅನ್ನಿಸಿಬಿಟ್ಟಿತ್ತು. ಆಮೇಲೆ 2022ರ ನವೆಂಬರಲ್ಲಿ ಪಕ್ಕದ ರಾಚ್‌ಡೇಲಿನ ಅವಾಬ್ ಇಶಾಕ್ ಅನ್ನೋ ಮಗುವಿನ ಸಾವಿನ ವಿಚಾರಣೆ ಮುಗೀತು. 2 ವರ್ಷದ ಮಗು, 2020ರ ಡಿಸೆಂಬರಲ್ಲಿ ತೀರಿಕೊಂಡಿತ್ತು, ಕಾರಣ ಮನೆಯ ಬೂಷ್ಟು. ಅಪ್ಪ ವರ್ಷಗಟ್ಟಲೆ ದೂರು ಕೊಟ್ಟಿದ್ರು, ಅವರಿಗೂ ನೀವು ಬದುಕೋ ರೀತಿನೇ ಸರಿ ಇಲ್ಲ ಅನ್ನೋ ಥರದ ಉತ್ತರಾನೇ ಸಿಕ್ಕಿತ್ತು. ನನ್ನ ಮಗಳು ಆಗ 5 ವರ್ಷದವಳು, ಅದೇ ಗೋಡೆ ಪಕ್ಕ ಮಲಗ್ತಿದ್ಲು. ಮಾರನೇ ತಿಂಗಳೇ ನಾನು ಪ್ಯಾನೆಲಿಗೆ ಅರ್ಜಿ ಹಾಕಿದ್ದು.

ಪ್ಯಾನೆಲಿಂದ ಆಗೋ ಕೆಲಸ ಇದೆ, ಇಲ್ಲ ಅನ್ನಲ್ಲ. ಲಿಫ್ಟ್ ಕೆಟ್ಟಿದ್ದು, ಮೆಟ್ಟಿಲ ಲೈಟು, ಫೋನ್ ಎತ್ತದೇ ಇರೋದು, ಇವೆಲ್ಲ ಹಿಡಿದು ಕೂತ್ರೆ ಸರಿ ಹೋಗುತ್ತೆ. ಆದ್ರೆ ನಮ್ಮ ಜೀವನಾನ ಅಲ್ಲಾಡಿಸೋ ವಿಷಯ ಒಂದೂ ಆ ಟೇಬಲ್ ಮೇಲೆ ಬರಲ್ಲ, ಯಾಕಂದ್ರೆ ಅವು ಅಲ್ಲಿ ತೀರ್ಮಾನ ಆಗೋದೇ ಅಲ್ಲ. 2013ರಲ್ಲಿ ಒಂದು ರೂಮ್ ಜಾಸ್ತಿ ಇದ್ರೆ ಬಾಡಿಗೆ ಸಹಾಯಧನದ ಲೆಕ್ಕದಲ್ಲಿ 14%, ಎರಡಿದ್ರೆ 25% ಕಟ್ ಅಂತ ರೂಲ್ ಬಂತು. 2011ರ ಕಾನೂನು ಇನ್ನೂ ಕೆಟ್ಟದು, ಟೆನೆಂಟಿಗೆ ‘ಗಂಭೀರ ಹಾನಿ’ ಆಗಿದೆ ಅಥವಾ ಆಗಬಹುದು ಅನ್ನೋಕೆ ಆಧಾರ ಇದ್ರೆ ಮಾತ್ರ ರೆಗ್ಯುಲೇಟರ್, ಅಂದ್ರೆ ಇಂಥ ಮನೆ ಕೊಡೋರ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ, ಕೈ ಹಾಕ್ಬೇಕು ಅಂತ. ಬೂಷ್ಟು ಎಷ್ಟು ಹಬ್ಬಿದ್ರೆ ಗಂಭೀರ? ಅದನ್ನ ಬರೆಯೋವಾಗ ಅಂಥ ಮನೇಲಿ ಮಲಗಿ ಎದ್ದೋರು ನಾಲ್ಕು ಜನ ಆ ರೂಮಲ್ಲಿದ್ದಿದ್ರೆ ಈ ಪ್ರಶ್ನೆ ಮೊದಲ ದಿನಾನೇ ಬರ್ತಿತ್ತು. ನಮ್ಮೂರ ವಠಾರದಲ್ಲಿ ಓನರ್ ಎಷ್ಟೇ ಜೋರಿದ್ರೂ ಅದೇ ಕಾಂಪೌಂಡಲ್ಲಿರೋರು, ಬಾಗಿಲು ತಟ್ಟಿ ಜಗಳ ಆಡ್ಬಹುದಿತ್ತು. ಇಲ್ಲಿ ನಾವು ಜಗಳ ಆಡ್ಬೇಕಾಗಿರೋದು ಲಂಡನ್ನಲ್ಲಿ ಕೂತಿರೋ ಇಲಾಖೆ ಜೊತೆ.

ಅಂಥ ಒಂದು ಜಾಗ ಮಾಡಿದ್ರು ಕೂಡ. ಇಂಥ ಮನೆಗಳ ನಿಯಂತ್ರಣದ ಬಗ್ಗೆ ಪ್ರೊಫೆಸರ್ ಮಾರ್ಟಿನ್ ಕೇವ್ 2007ರಲ್ಲಿ ಕೊಟ್ಟ ವರದಿ ಮೇಲೆ 2010ರಲ್ಲಿ ನ್ಯಾಷನಲ್ ಟೆನೆಂಟ್ ವಾಯ್ಸ್ ಅಂತ ದೇಶಮಟ್ಟದ ಟೆನೆಂಟುಗಳ ಸಂಸ್ಥೆ ಶುರುವಾಯ್ತು, ಅದೇ ವರ್ಷ ಸರ್ಕಾರ ಬದಲಾಯ್ತು, ಖರ್ಚು ಉಳಿಸೋ ಹೆಸರಲ್ಲಿ ಮುಚ್ಚೋ ನಿರ್ಧಾರಾನೂ ಆಯ್ತು. 2017ರ ಜೂನ್ 14ಕ್ಕೆ ಲಂಡನ್ನಿನ ಕೌನ್ಸಿಲ್ ಫ್ಲಾಟುಗಳ ಕಟ್ಟಡ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ಸತ್ರು. ದೊಡ್ಡ ಅನಾಹುತ ಆದ್ರೇನೇ ಕಟ್ಟಡ ನೋಡ್ಕೊಳ್ಳೋರ ಕೈಲಾಗದತನ ಬಯಲಾಗೋದು ಅಂತ ಅಲ್ಲಿನ ಬಾಡಿಗೆದಾರರು 2016ರ ನವೆಂಬರಲ್ಲೇ ಬ್ಲಾಗಲ್ಲಿ ಬರೆದಿದ್ರು. ಟೆನೆಂಟುಗಳಿಗೆ ಟೆಕ್ನಿಕಲ್ ವಿಷಯ ಏನ್ ಗೊತ್ತಾಗುತ್ತೆ ಅಂತ ಕೇಳೋರಿಗೆ ನಾನು ಯಾವಾಗ್ಲೂ ಇದನ್ನೇ ಹೇಳೋದು.

ಆಮೇಲೆ ಮಂತ್ರಿಗಳು ಊರೂರು ಸುತ್ತಿ ಟೆನೆಂಟುಗಳ ಮಾತು ಕೇಳಿದ್ರು, 2022ರಲ್ಲಿ 250 ಜನ ಟೆನೆಂಟುಗಳ ಪ್ಯಾನೆಲ್ ಮಾಡಿದ್ರು, 2023ರ ಕಾನೂನಲ್ಲಿ ಆ ‘ಗಂಭೀರ ಹಾನಿ’ ಷರತ್ತನ್ನ ಕಿತ್ತು ಹಾಕಿದ್ರು, ಅವಾಬ್ ಹೆಸರಿನ ಕಾನೂನೂ ಬಂತು. 2025ರ ಅಕ್ಟೋಬರ್ 27ರಿಂದ ತುರ್ತು ಅಪಾಯ ಇದ್ರೆ 24 ಗಂಟೆಯೊಳಗೆ ಬರ್ಲೇಬೇಕು, ಜೋರಾಗಿ ಬೂಷ್ಟು ಹಿಡಿದಿದ್ರೆ 10 ಕೆಲಸದ ದಿನದಲ್ಲಿ ಬಂದು ಪರೀಕ್ಷೆ ಮಾಡ್ಬೇಕು. ಒಳ್ಳೇದೇ, ಆದ್ರೆ ಸರ್ಕಾರ ಕರೆದಾಗ ಹೋಗಿ ಹೇಳಿ ಬರೋದೇ ಬೇರೆ, ನಮ್ಮದೇ ಅಂತ ಒಂದು ಸಂಸ್ಥೆ ಇರೋದೇ ಬೇರೆ. ನನಗೆ ಬೇಕಿರೋದು ಟೆನೆಂಟುಗಳೇ ಆರಿಸಿ ಕಳಿಸೋ ಸಂಸ್ಥೆ, ಕಾನೂನಲ್ಲೇ ಬರೆದಿರೋದು, ಸ್ವಂತ ದುಡ್ಡು ಸ್ವಂತ ಸ್ಟಾಫ್ ಇರೋದು, 2010ರ ಥರ ಬಂದವರು ಮುಚ್ಚೋಕೆ ಆಗದೇ ಇರೋದು. ಡೆನ್ಮಾರ್ಕಲ್ಲಿ ಇಂಥ ಮನೆಗಳ ಆಡಳಿತ ಮಂಡಳೀಲಿ ಬಾಡಿಗೆದಾರರದ್ದೇ ಬಹುಮತ, ಅವರ ಬಡಾವಣೆಯ ವರ್ಷದ ಬಜೆಟ್‌ಗೆ ಅವರೇ ಓಟ್ ಹಾಕ್ತಾರೆ, ಅಂದ್ಮೇಲೆ ಆಗದ ಕೆಲಸ ಏನಲ್ಲ ಇದು.

ಒಂದು ಭಯ ನಿಜಾನೇ, ಎಲ್ಲಾ ಕಡೆ ಅದೇ ನಾಲ್ಕು ಜನ ರಿಟೈರ್ ಆದೋರು ಬಂದು ಕೂರ್ತಾರೆ. ನಮ್ಮ ಪ್ಯಾನೆಲಲ್ಲೂ ಹಾಗೇ ಇತ್ತು. ಮೀಟಿಂಗ್ ಬೆಳಿಗ್ಗೆ 11ಕ್ಕೆ ಇಟ್ರೆ ನನ್ನ ಕೆಳಗಿನ ಮನೆಯ ಸೊಮಾಲಿ ಅಮ್ಮ, ಮೂರು ಮಕ್ಕಳು, ಕ್ಲೀನಿಂಗ್ ಕೆಲಸ, ಅವರು ಬರೋದಾದ್ರೂ ಹೇಗೆ? ಸಂಜೆಗೆ ಹಾಕಿ, ಮಕ್ಕಳನ್ನ ನೋಡ್ಕೊಳ್ಳೋಕೆ ಒಬ್ಬರನ್ನ ಇಟ್ಟು, ಇಂಟರ್‌ಪ್ರಿಟರ್ ಕರೆಸಿದ ಮೇಲೆ ಬಂದ್ರು. ಹೊಸ ಎಕ್ಸ್‌ಹಾಸ್ಟ್ ಫ್ಯಾನ್ ಎಷ್ಟು ಕರೆಂಟ್ ತಿನ್ನುತ್ತೆ, ಜನ ಯಾಕೆ ಅದನ್ನ ಆಫ್ ಮಾಡಿಡ್ತಾರೆ ಅಂತ ಬಿಡಿಸಿ ಹೇಳಿದ್ದು ಅವರೊಬ್ಬರೇ.

ಈಗ ಬಾಡಿಗೆ ವಿಷಯ ನೋಡಿ. ಹಳೇ ಲೆಕ್ಕದಲ್ಲಿ 2023ರ ಏಪ್ರಿಲಿಗೆ 11.1% ಏರ್ಬೇಕಿತ್ತು, ಸರ್ಕಾರ 7%ಗೆ ನಿಲ್ಲಿಸ್ತು, ಆ ಒಂದು ಸಹಿಯಿಂದ ನಮ್ಮನೆ ತಿಂಗಳ ಲೆಕ್ಕ ಉಳೀತು. 2026ರ ಏಪ್ರಿಲಿಂದ 10 ವರ್ಷ ಪ್ರತಿ ವರ್ಷ ಹಣದುಬ್ಬರದ ಮೇಲೆ 1% ಏರಿಸ್ಬಹುದು ಅಂತ ತೀರ್ಮಾನ ಆಗಿದೆ. ರಿಪೇರಿಗೆ, ಹೊಸ ಮನೆ ಕಟ್ಟೋಕೆ ದುಡ್ಡು ಬೇಕು, ಅದು ನನಗೂ ಅರ್ಥ ಆಗುತ್ತೆ. ಆದ್ರೆ ಆ 10 ವರ್ಷ ಮುಗಿಯೋ ಹೊತ್ತಿಗೆ ನನ್ನ ಮಗಳಿಗೆ 18 ದಾಟಿರುತ್ತೆ, ಅಲ್ಲಿ ತನಕ ಪ್ರತಿ ಫೆಬ್ರವರಿಗೂ ಬರೋ ಬಾಡಿಗೆ ಲೆಟರ್ ಒಡೆದು ಓದೋರು ನಾವು.