ಉಳುಕು ಅಂತ ತಿಕ್ಕುವ ಮುಂಚೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಭುಜದ ನೋವಿನವೇ. ದಸರಾ ಕುಸ್ತಿ ಮುಗಿದಿದೆ, ಊರೂರಲ್ಲಿ ಕಬಡ್ಡಿ ಶುರುವಾಗಿದೆ, ಅದಕ್ಕೇ ಇರಬೇಕು. ಆಟ ಆಡುವವರ ಆರು ಪತ್ರ ಆರಿಸಿಕೊಂಡಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ, ಊರು ಮಾತ್ರ ಇದೆ. ನಾನು ಫಿಸಿಯೊಥೆರಪಿಸ್ಟ್, ಆಪರೇಷನ್ ಮಾಡುವ ಡಾಕ್ಟರ್ ಅಲ್ಲ, ಅದನ್ನು ನೆನಪಿಟ್ಟುಕೊಂಡು ಓದಿ.

ಮೇಡಂ, ನನಗೆ 19 ವರ್ಷ, ಕಬಡ್ಡಿ ರೈಡರ್. ಹೋದ ವರ್ಷ ಟೂರ್ನಮೆಂಟಲ್ಲಿ ಬಲಭುಜ ಜಾರಿತು. ಹುಡುಗರೇ ಎಳೆದು ಕೂರಿಸಿದರು. ಆಮೇಲೆ ಎರಡು ಸಲ ಜಾರಿದೆ, ಒಂದು ಸಲ ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ. ಈಗ ನಾನೇ ಕೂರಿಸಿಕೊಳ್ಳುತ್ತೇನೆ. ಬೆಲ್ಟ್ ಹಾಕಿಕೊಂಡು ಆಡಬಹುದಾ? (ಪಾಂಡವಪುರ)

ನೋಡಪ್ಪ, ನನ್ನ ಮಗನ ವಯಸ್ಸು ನಿನ್ನದು, ಅದಕ್ಕೆ ಏಕವಚನದಲ್ಲೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಭುಜ ಅಷ್ಟು ಸಲೀಸಾಗಿ ಕೂರುತ್ತಿದೆ ಅಂದರೆ ಅಷ್ಟೇ ಸಲೀಸಾಗಿ ಜಾರುತ್ತಿದೆ ಅಂತಲೂ ಅರ್ಥ.

ಶಾಲೆಯಲ್ಲಿ ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡಿದ್ದು ನೆನಪಿದೆ ಅಲ್ವಾ? ಭುಜದ ಕೀಲು ಹೆಚ್ಚುಕಡಿಮೆ ಹಾಗೇ. ರೆಟ್ಟೆ ಮೂಳೆಯ ಗುಂಡು ದೊಡ್ಡದು, ಅದು ಕೂರುವ ಗುಂಡಿ ಚಿಕ್ಕದು, ಆಳವೂ ಇಲ್ಲ. ಕೈ ಇಷ್ಟೊಂದು ಕಡೆ ತಿರುಗುವುದು ಅದರಿಂದಲೇ, ಜಾರುವುದೂ ಅದರಿಂದಲೇ. ಆ ಗುಂಡಿಯ ಸುತ್ತ ಲೇಬ್ರಮ್ ಅನ್ನುವ ಮೆತ್ತನೆಯ ಅಂಚು ಇರುತ್ತದೆ, ಗದ್ದೆಗೆ ಬದು ಇದ್ದ ಹಾಗೆ. ನೀನು ಕೈ ಚಾಚಿ ಗೆರೆ ಮುಟ್ಟಲು ಹೋದಾಗ ಹಿಂದಿನಿಂದ ಯಾರೋ ತೋಳು ಹಿಡಿದು ಎಳೆದಿರುತ್ತಾರೆ, ಗುಂಡು ಮುಂದಕ್ಕೆ ಜಾರಿರುತ್ತದೆ, ಜಾರುವಾಗ ಆ ಬದುವಿನ ಮುಂಭಾಗವನ್ನು ಕಿತ್ತುಕೊಂಡು ಹೋಗಿರುತ್ತದೆ. ಬ್ಯಾಂಕಾರ್ಟ್ ಗಾಯ ಅನ್ನುವುದು ಇದನ್ನೇ. ಬದು ಒಡೆದ ಗದ್ದೆಯಲ್ಲಿ ನೀರು ನಿಲ್ಲುತ್ತದಾ? 20 ವರ್ಷದ ಒಳಗೆ ಮೊದಲ ಸಲ ಜಾರಿದವರು ಮತ್ತೆ ಮೈಮೇಲೆ ಬೀಳುವ ಆಟಕ್ಕೇ ಹೋದರೆ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಇನ್ನೊಮ್ಮೆ ಜಾರುತ್ತದೆ.

ಇದನ್ನು ಪರೀಕ್ಷೆ ಮಾಡುವಾಗ ನಾನು ಭುಜಕ್ಕಿಂತ ಮುಖ ನೋಡುತ್ತೇನೆ. ಮಲಗಿಸಿ, ಚೆಂಡು ಎಸೆಯುವವನ ಹಾಗೆ ಕೈಯನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸುತ್ತೇನೆ. ನೋವು ಅನ್ನುವುದಕ್ಕೆ ಮುಂಚೆಯೇ ಕಣ್ಣು ಅಗಲವಾಗುತ್ತದೆ, ಇನ್ನೊಂದು ಕೈ ಬಂದು ನನ್ನ ಕೈ ಹಿಡಿಯುತ್ತದೆ, 'ಸಾಕು ಮೇಡಂ, ಹೋಗಿಬಿಡುತ್ತೆ' ಅಂತಾರೆ. ಆಗ ಗುಂಡಿನ ಮೇಲೆ ಮುಂದಿನಿಂದ ಅಂಗೈ ಒತ್ತಿ ಹಿಡಿದರೆ ಆ ಭಯ ಇಳಿಯುತ್ತದೆ. ಹಾಗಾದರೆ ಕೀಲು ಸಡಿಲವಾಗಿದೆ ಅಂತ ಹೆಚ್ಚುಕಡಿಮೆ ಖಾತ್ರಿ. ಇದನ್ನು ಮನೆಯಲ್ಲಿ ಗೆಳೆಯರ ಕೈಲಿ ಮಾಡಿಸಬೇಡ.

ಬೆಲ್ಟ್ ಬದು ಕಟ್ಟುವುದಿಲ್ಲ. ಭುಜ ನೋಡುವ ಮೂಳೆ ಡಾಕ್ಟರ್ ಹತ್ತಿರ ಹೋಗು. ಎಕ್ಸ್‌ರೇ, ಎಂಆರ್‌ಐ ಮಾಡಿಸುತ್ತಾರೆ, ಗುಂಡಿಯ ಮೂಳೆ ಸವೆದ ಅನುಮಾನ ಇದ್ದರೆ ಸಿಟಿ ಸ್ಕ್ಯಾನ್ ಕೂಡ. ಮೂರು ಸಲ ಜಾರಿರುವುದರಿಂದ ಆಪರೇಷನ್ ಮಾತು ಬಂದರೆ ಹೆದರಬೇಡ, ನಿನ್ನ ವಯಸ್ಸಿಗೆ, ನಿನ್ನ ಆಟಕ್ಕೆ ಅದು ಸರಿಯಾದ ಮಾತೇ. ಅಲ್ಲಿವರೆಗೆ ರೈಡ್ ಬೇಡ. ನಿನ್ನ ಹುಡುಗರಿಗೆ ಇನ್ನೊಂದು ಹೇಳು: ಮೊದಲ ಸಲ ಜಾರಿದವನನ್ನು ಎಳೆಯಬಾರದು, ಜೊತೆಗೆ ಮೂಳೆ ಬಿರುಕು ಬಿಟ್ಟಿದ್ದರೆ ಎಳೆದಾಗ ಪೂರ್ತಿ ಮುರಿಯಬಹುದು.

ನಾನು ದೈಹಿಕ ಶಿಕ್ಷಕ. ತಾಲ್ಲೂಕು ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಭುಜ ಹಿಡಿದುಕೊಂಡು ಮಗು ಬಿದ್ದರೆ, ಡಾಕ್ಟರ್ ಇಲ್ಲದ ಜಾಗದಲ್ಲಿ, ಐದು ನಿಮಿಷದಲ್ಲಿ ಏನು ನೋಡಬೇಕು? (ಮಂಡ್ಯ)

ಸರ್, ಮೊದಲು ಶರ್ಟ್ ಬಿಚ್ಚಿಸಿ. ನೋವಿಲ್ಲದ ಕೈ ಮೊದಲು ಹೊರಗೆ, ನೋವಿನ ಕೈ ಕೊನೆಗೆ. ಹಾಕುವಾಗ ಇದರ ಉಲ್ಟಾ. ಬಿಚ್ಚಲು ಆಗುವುದೇ ಇಲ್ಲ ಅಂದರೆ ಕತ್ತರಿ ಹಾಕಿ, ಜೆರ್ಸಿ ಹೋದರೆ ಹೋಗಲಿ. ಹುಡುಗಿಯಾದರೆ ಲೇಡಿ ಟೀಚರ್ ನೋಡಲಿ. ಆಮೇಲೆ ಎದುರಿಗೆ ನಿಂತು ಎರಡೂ ಭುಜ ಒಟ್ಟಿಗೆ ನೋಡಿ. ಚೆನ್ನಾಗಿರುವ ಭುಜವೇ ನಿಮ್ಮ ಅಳತೆಗೋಲು.

ಜಾರಿದ ಭುಜ ಗುಂಡಗೆ ಕಾಣುವುದಿಲ್ಲ, ಚೌಕವಾಗಿ ಕಾಣುತ್ತದೆ. ಮೇಲೆ ಮೂಳೆಯ ಮೂಲೆ ಎದ್ದಿರುತ್ತದೆ, ಅದರ ಕೆಳಗೆ ಬೆರಳಿಟ್ಟರೆ ಟೊಳ್ಳು. ಮಗು ಆ ಕೈಯನ್ನು ಇನ್ನೊಂದು ಕೈಯಲ್ಲಿ ಕೂಸು ಎತ್ತಿಕೊಂಡ ಹಾಗೆ ಹಿಡಿದಿರುತ್ತದೆ, ಮೈಗೆ ತಾಗಿಸಲು ಬಿಡುವುದಿಲ್ಲ. ಕಾಲರ್ ಬೋನ್ ಮುರಿದಿದ್ದರೆ ಊತ ಸಾಮಾನ್ಯವಾಗಿ ಆ ಮೂಳೆಯ ನಡುಭಾಗದಲ್ಲಿ. ಭುಜದ ನೆತ್ತಿಯಲ್ಲಿ ಮಾತ್ರ ಗುಬುಟು ಎದ್ದಿದ್ದರೆ ಅದು ಬೇರೆ ಕಥೆ, ಮುಂದೆ ಪೈಲ್ವಾನರ ಪತ್ರದಲ್ಲಿ ಹೇಳಿದ್ದೇನೆ.

'ಹೇಗೆ ಬಿದ್ದೆ?' ಅಂತ ಕೇಳಿ. ಕೈ ಊರಿ ಬಿದ್ದನಾ, ಭುಜದ ತುದಿಯೇ ನೆಲಕ್ಕೆ ಬಡಿಯಿತಾ, ಕೈ ಎತ್ತಿದ್ದಾಗ ಯಾರಾದರೂ ಎಳೆದರಾ, ಅಥವಾ ಬೀಳದೇನೇ ಜಾವೆಲಿನ್ ಎಸೆಯುವಾಗ ಟಕ್ ಅಂದಿತಾ? ಈ ಉತ್ತರದಲ್ಲೇ ಅರ್ಧ ಗೊತ್ತಾಗುತ್ತದೆ. ಎಷ್ಟೋ ಜನ 'ಎಲ್ಲಿ ನೋವು' ಅಂತ ಕೇಳುತ್ತಾರೆ, 'ಹೇಗಾಯ್ತು' ಅಂತ ಕೇಳುವುದೇ ಇಲ್ಲ.

ಆಮೇಲೆ ಬೆರಳು ಆಡಿಸಲು ಹೇಳಿ, ಮಣಿಕಟ್ಟಿನ ನಾಡಿ ನೋಡಿ. ತೋಳಿನ ಹೊರಮೈ, ಅಂದರೆ ಎನ್‌ಸಿಸಿ ಹುಡುಗರು ಬ್ಯಾಡ್ಜ್ ಹಾಕುವ ಜಾಗ, ಅಲ್ಲಿ ಮುಟ್ಟಿದ್ದು ಗೊತ್ತಾಗುತ್ತಾ ಕೇಳಿ. ಭುಜ ಜಾರಿದಾಗ ಪೆಟ್ಟು ತಿನ್ನುವ ನರ ಆ ಜಾಗದ್ದು. ನಾಡಿ ಸಿಗದಿದ್ದರೆ, ಕೈ ತಣ್ಣಗಾಗಿದ್ದರೆ, ಮುರಿದ ಮೂಳೆ ಚರ್ಮವನ್ನು ಒಳಗಿಂದ ಟೆಂಟಿನ ಹಾಗೆ ಎತ್ತಿದ್ದರೆ, ಅಥವಾ ಎದೆಮೂಳೆಯ ಹತ್ತಿರ ಪೆಟ್ಟಾಗಿ ಉಗುಳು ನುಂಗಲು, ಉಸಿರಾಡಲು ಕಷ್ಟವಾದರೆ, ಒಂದು ನಿಮಿಷವೂ ಕಾಯಬೇಡಿ. ಮಂಡ್ಯದ ಮಿಮ್ಸ್ ಆಸ್ಪತ್ರೆ ಆಗಲಿ, ಮೈಸೂರಿನ ಕೆ.ಆರ್. ಆಸ್ಪತ್ರೆ ಆಗಲಿ, ಹತ್ತಿರದ್ದು ಯಾವುದೋ ಅಲ್ಲಿಗೆ ಹೊರಡಿ. ಕತ್ತು ನೋವು ಅಂದರೆ, ಎರಡೂ ಕೈ ಜುಮ್ ಅಂದರೆ ಅಲುಗಾಡಿಸಬೇಡಿ, ಆಂಬುಲೆನ್ಸ್ ಬರಲಿ.

ಇನ್ನೊಂದು ಮರೆಯಬೇಡಿ. ಹೊಟ್ಟೆಗೆ, ಪಕ್ಕೆಗೆ ಮಂಡಿ ಬಡಿದಿದೆ, ಮಗು 'ಎಡಭುಜ ನೋವು' ಅನ್ನುತ್ತದೆ, ಆದರೆ ಕೈ ಎಲ್ಲ ಕಡೆಗೂ ಆರಾಮಾಗಿ ಆಡುತ್ತದೆ. ಆ ನೋವು ಭುಜದ್ದಲ್ಲ. ಎಡ ಪಕ್ಕೆಲುಬಿನ ಕೆಳಗಿರುವ ಗುಲ್ಮಕ್ಕೆ (ಸ್ಪ್ಲೀನ್) ಪೆಟ್ಟಾಗಿ ಒಳಗೆ ರಕ್ತ ಸೋರುತ್ತಿದ್ದರೆ ನೋವು ಎಡಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಇದು ನೇರ ಎಮರ್ಜೆನ್ಸಿ.

ಕಳಿಸುವಾಗ ಟವೆಲ್‌ನಲ್ಲೇ ಜೋಳಿಗೆ ಕಟ್ಟಿ ಕೈ ಇಳಿಬಿಡಿ. ತಿಂಡಿ, ಕಾಫಿ ಕೊಡಬೇಡಿ, ಭುಜ ಕೂರಿಸುವಾಗ ಮಂಪರು ಬರಿಸಬೇಕಾಗಬಹುದು. ಇದ್ಯಾವುದೂ ಇಲ್ಲ, ಎರಡೂ ಕೈ ಕಿವಿವರೆಗೆ ಸಮವಾಗಿ ಏಳುತ್ತದೆ, ನಿಮ್ಮ ಅಂಗೈಯನ್ನು ಎರಡೂ ಕೈಯಿಂದ ಒಂದೇ ಬಲದಲ್ಲಿ ತಳ್ಳುತ್ತದೆ ಅಂದರೆ ಆಡಲು ಬಿಡಿ. ಒಂದು ಕೈ ಸ್ವಲ್ಪ ಹಿಂದೆ ಬಿದ್ದರೂ ಅವತ್ತಿನ ಆಟ ಮುಗಿಯಿತು, ಫೈನಲ್ ಆದರೂ ಅಷ್ಟೇ.

ಮಗನಿಗೆ 13. ಕ್ರಿಕೆಟ್ ಕೋಚಿಂಗ್‌ಗೆ ಹೋಗುತ್ತಾನೆ, ವೇಗದ ಬೌಲರ್. ಎರಡು ತಿಂಗಳಿಂದ ಬಲತೋಳಿನ ಮೇಲ್ಭಾಗ ನೋವು. ಮಸಲ್ ವೀಕ್ ಇದೆ, ಡಂಬೆಲ್ ಮಾಡಿಸಿ ಅಂದಿದ್ದಾರೆ. ಮಾಡಿಸಲಾ? (ಕುವೆಂಪುನಗರ, ಮೈಸೂರು)

ಬೇಡಮ್ಮ, ಈಗಲೇ ಬೇಡ. ಮೊದಲು ಎಕ್ಸ್‌ರೇ ಮಾಡಿಸಿ, ಎರಡೂ ಭುಜದ್ದು.

ಮಕ್ಕಳ ಮೂಳೆಯಲ್ಲಿ ಬೆಳವಣಿಗೆಯ ಪಟ್ಟಿ ಅಂತ ಇರುತ್ತದೆ, ಗಟ್ಟಿಯಾಗದ ಮೃದ್ವಸ್ಥಿ. ರೆಟ್ಟೆ ಮೂಳೆ ಉದ್ದ ಬೆಳೆಯುವುದು ಶೇ 80ರಷ್ಟು ಭುಜದ ಹತ್ತಿರದ ಪಟ್ಟಿಯಿಂದಲೇ. ದೊಡ್ಡವರಿಗೆ ಸ್ನಾಯುರಜ್ಜು ಸೋಲುವ ಕಡೆ ಈ ವಯಸ್ಸಿನವರಿಗೆ ಆ ಪಟ್ಟಿ ಸೋಲುತ್ತದೆ. ದಿನಾ ತಿರುಚಿ ತಿರುಚಿ ಅದು ಅಗಲವಾಗುತ್ತದೆ. ಒಂದೇ ಕಡೆಯ ಎಕ್ಸ್‌ರೇ ನೋಡಿದರೆ 'ನಾರ್ಮಲ್' ಅಂತ ಅನಿಸಿಬಿಡಬಹುದು, ಪಕ್ಕದಲ್ಲಿ ಎಡಭುಜದ್ದು ಇಟ್ಟಾಗ ಗೆರೆ ದಪ್ಪ ಇರುವುದು ಕಾಣುತ್ತದೆ. ಅದೇ ಆಗಿದ್ದರೆ ಔಷಧ ಒಂದೇ, ಎಸೆಯುವುದನ್ನು ನಿಲ್ಲಿಸುವುದು, ಸುಮಾರು ಮೂರು ತಿಂಗಳು. ಆಮೇಲೆ ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ವಾಪಸ್ ತರಬೇಕು. ಚೆನ್ನಾಗಿಯೇ ವಾಸಿಯಾಗುತ್ತದೆ.

ಒಂದು ಕೆಲಸ ಮಾಡಿ, ಒಂದು ದಿನ ಗ್ರೌಂಡಿಗೆ ಹೋಗಿ ಕೂತು ಎಣಿಸಿ. ಓವರ್‌ಗಳನ್ನು ಎಲ್ಲರೂ ಎಣಿಸುತ್ತಾರೆ. ಬೌಂಡರಿಯಿಂದ ಕೀಪರ್‌ಗೆ ಎಸೆದಿದ್ದೆಷ್ಟು, ಕ್ಯಾಚಿಂಗ್ ಪ್ರಾಕ್ಟೀಸ್‌ನಲ್ಲಿ ಎಸೆದಿದ್ದೆಷ್ಟು, ಸಂಜೆ ಮನೆ ಮುಂದೆ ರಸ್ತೆಯಲ್ಲಿ ಎಸೆದಿದ್ದೆಷ್ಟು, ಇದರ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ. ನೋಡಿದರೆ ಭುಜ ತಿನ್ನುವುದು ಅದೇ ಜಾಸ್ತಿ.

ಬೌಲಿಂಗ್ ನಿಲ್ಲಿಸಿದರೆ ಮಗನ ಭವಿಷ್ಯ ಹೋಯಿತು ಅಂತ ಅಳುವ ತಾಯಂದಿರನ್ನು ನೋಡಿದ್ದೇನೆ. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಅವರಿಗೇ 1997ರಲ್ಲಿ ಭುಜದ ರೋಟೇಟರ್ ಕಫ್ (ಕೀಲನ್ನು ಸುತ್ತ ಹಿಡಿದು ಕೈ ಎತ್ತಿ ತಿರುಗಿಸುವ ಸ್ನಾಯುರಜ್ಜುಗಳು) ಗಾಯವಾಗಿ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ಆಪರೇಷನ್ ಆಯಿತು. ಆಮೇಲೆ ವಾಪಸ್ ಬಂದು 2003ರ ವಿಶ್ವಕಪ್ ಫೈನಲ್‌ವರೆಗೆ ಆಡಿದರು. ನಿಮ್ಮ ಮಗನಿಗೆ ಇನ್ನೂ 13.

ಗರಡಿಯಲ್ಲಿ ಎದುರಾಳಿ ಎತ್ತಿ ಒಗೆದಾಗ ಭುಜದ ಮೇಲೇ ಬಿದ್ದೆ. ಮೇಲ್ಗಡೆ ಗುಬುಟು ಎದ್ದಿದೆ. ಉಳುಕು ತೆಗೆಯುವವರು ಒತ್ತಿದರೆ ಕೂರುತ್ತದೆ, ಬಿಟ್ಟರೆ ಏಳುತ್ತದೆ. (ಮೈಸೂರು)

ಪೈಲ್ವಾನರೇ, ಅದು ಉಳುಕಲ್ಲ. ಕಾಲರ್ ಬೋನ್‌ನ ಹೊರತುದಿಗೂ ಹೆಗಲ ಹಲಗೆಗೂ ಒಂದು ಚಿಕ್ಕ ಕೀಲಿದೆ, ಎಸಿ ಜಾಯಿಂಟ್ ಅನ್ನುತ್ತಾರೆ. ಭುಜದ ತುದಿ ಅಖಾಡದ ಮಣ್ಣಿಗೆ ಬಡಿದಾಗ ಹಲಗೆ ಕೆಳಗೆ ಹೋಗುತ್ತದೆ, ಕಟ್ಟಿದ ನಾರು ಹರಿಯುತ್ತದೆ, ಕಾಲರ್ ಬೋನ್ ತುದಿ ಮೇಲೆ ನಿಲ್ಲುತ್ತದೆ. ಒತ್ತಿದರೆ ಪಿಯಾನೊ ಕೀಲಿಯ ಹಾಗೆ ಕೂತು ಏಳುವುದು ಅದೇ. ಸುಮ್ನೆ ಒತ್ತಿಸಿಕೊಂಡು ಕೂರಬೇಡಿ, ಹರಿದ ನಾರು ಒತ್ತಿದರೆ ಕೂಡುವುದಿಲ್ಲ.

ನೋವಿನ ಕೈಯನ್ನು ಎದೆಯ ಮೇಲಿಂದ ತಂದು ಇನ್ನೊಂದು ಹೆಗಲ ಮೇಲಿಡಿ. ನೋವು ಒಂದೇ ಬೆರಳಲ್ಲಿ ತೋರಿಸುವಷ್ಟು ಕರಾರುವಾಕ್ಕಾಗಿ ಆ ಗುಬುಟಿನ ಮೇಲೇ ಬಂದರೆ ಎಸಿ ಜಾಯಿಂಟೇ. ಎಕ್ಸ್‌ರೇಯಲ್ಲಿ ಎಷ್ಟು ಎದ್ದಿದೆ ಅಂತ ಅಳೆಯುತ್ತಾರೆ. ಸ್ವಲ್ಪ ಎದ್ದಿದ್ದರೆ ಎರಡು ಮೂರು ವಾರ ಜೋಳಿಗೆ, ಆಮೇಲೆ ವ್ಯಾಯಾಮ. ತುಂಬಾ ಮೇಲೆ ಎದ್ದಿದ್ದರೆ, ಅಥವಾ ತುದಿ ಹಿಂದಕ್ಕೆ ಹೋಗಿ ಸಿಕ್ಕಿಕೊಂಡಿದ್ದರೆ ಆಪರೇಷನ್. ಗುಬುಟು ಉಳಿದುಬಿಡಬಹುದು, ಬಲ ಮಾತ್ರ ಬರುತ್ತದೆ. ದಂಡ ಹೊಡೆಯುವುದು, ಗದೆ ತಿರುಗಿಸುವುದು ಕೊನೆಗೆ ಶುರುಮಾಡಿ.

48 ವರ್ಷ, ಶುಗರ್ ಇದೆ. ಬೆಳಿಗ್ಗೆ ಶಟಲ್ ಆಡುತ್ತೇನೆ. ಸ್ಮ್ಯಾಶ್ ಹೊಡೆಯಲು ಕೈ ಏಳುತ್ತಿಲ್ಲ. ಎಂಆರ್‌ಐಯಲ್ಲಿ ಕಫ್ ಅರ್ಧ ಹರಿದಿದೆ ಅಂತ ಬಂದಿದೆ. ಆಪರೇಷನ್ ಬೇಕಾ? (ವಿಜಯನಗರ, ಮೈಸೂರು)

ರಿಪೋರ್ಟ್‌ನ ನಾಲ್ಕೂ ಪುಟದ ಫೋಟೊ ಕಳಿಸಿದ್ದೀರಿ, ಕೈ ಎಷ್ಟು ಏಳುತ್ತದೆ ಅಂತ ಮಾತ್ರ ಬರೆದಿಲ್ಲ. ನಿಮ್ಮ ವಯಸ್ಸಿನ, ನೋವೇ ಇಲ್ಲದ ಜನರನ್ನು ಸ್ಕ್ಯಾನ್‌ಗೆ ಹಾಕಿದರೂ ಕೆಲವರಲ್ಲಿ ಇಂಥ ಹರಿವು ಸಿಗುತ್ತದೆ, ಕೂದಲು ನೆರೆತ ಹಾಗೆ. ಅದಕ್ಕೆ ಸ್ಕ್ಯಾನ್ ಕೊನೆಗೆ, ಕೈ ಮೊದಲು.

ಮನೆಯವರನ್ನು ಕರೆಯಿರಿ. ಕೈಯನ್ನು ಪಕ್ಕದಿಂದ ನೀವೇ ಎತ್ತಿ. ಪಕ್ಕೆಯಿಂದ ಸುಮಾರು 60 ಡಿಗ್ರಿಯಿಂದ 120ರವರೆಗೆ ಮಾತ್ರ ನೋವು ಹಿಡಿದು, ಅದನ್ನು ದಾಟಿದ ಮೇಲೆ ಸಲೀಸಾದರೆ ಕಫ್ ಕಡೆಗೆ ಅನುಮಾನ. ಈಗ ಕೈ ಸಡಿಲ ಬಿಡಿ, ಮನೆಯವರು ಎತ್ತಲಿ. ಅವರು ಎತ್ತಿದರೆ ಪೂರ್ತಿ ಏಳುತ್ತದೆ, ನೀವು ಎತ್ತಿದರೆ ಏಳುವುದಿಲ್ಲ ಅಂದರೆ ಎಳೆಯುವ ಹಗ್ಗ ಸೋತಿದೆ, ಅದು ಕಫ್ ಅಥವಾ ನರ. ಅವರು ಎತ್ತಿದರೂ ಅಲ್ಲೇ ಸಿಕ್ಕಿಕೊಂಡರೆ ಕೀಲೇ ಬಿಗಿದಿದೆ. ಮೊಣಕೈ ಪಕ್ಕೆಗೆ ಅಂಟಿಸಿ ಮುಂಗೈಯನ್ನು ಬಾಗಿಲು ತೆಗೆದ ಹಾಗೆ ಹೊರಗೆ ತಿರುಗಿಸಿ. ಅದೂ ಆಗದಿದ್ದರೆ ಫ್ರೋಜನ್ ಶೋಲ್ಡರ್ ಇರುವ ಸಾಧ್ಯತೆ ಜಾಸ್ತಿ, ಶುಗರ್ ಇರುವವರಿಗೆ ಅದು ಬಹಳ ಬರುತ್ತದೆ. ಅದಕ್ಕೆ ಕಫ್ ಹೊಲಿಯುವುದು ಮದ್ದಲ್ಲ. ಶುಗರ್ ಹಿಡಿತಕ್ಕೆ ತಂದು, ನೋವು ಇಳಿಸಿ, ತಾಳ್ಮೆಯಿಂದ ಕೈ ಬಿಡಿಸಬೇಕು, ವರ್ಷಗಟ್ಟಲೆ ಎಳೆಯಬಹುದು.

ಹೊರಗೆ ತಿರುಗದ ಕೈ ಅಂದಾಗ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದು. ಮಂಡ್ಯ ಕಡೆಯ ಒಬ್ಬ ವಾಲಿಬಾಲ್ ಹುಡುಗ ಬಂದ. ಗದ್ದೆಯಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ಮುಟ್ಟಿ ಕರೆಂಟ್ ಹೊಡೆದಿತ್ತಂತೆ. ಕೈ ಹೊಟ್ಟೆಗೆ ಅಂಟಿಕೊಂಡಿತ್ತು, ಅಂಗೈ ಮೇಲೆ ಮಾಡು ಅಂದರೆ ಆಗುತ್ತಿರಲಿಲ್ಲ. ಎಕ್ಸ್‌ರೇ ಸರಿ ಇದೆ ಅಂದಿದ್ದರು, ನಾನೂ ನಂಬಿ ಮೂರು ವಾರ ಬಿಸಿ ಕೊಟ್ಟು ವ್ಯಾಯಾಮ ಮಾಡಿಸಿದೆ. ಒಂದು ದಿನ ಸೀನಿಯರ್ ಒಬ್ಬರು ಹಾದುಹೋಗುವಾಗ ಅವನ ಮುಂಗೈ ಹಿಡಿದು ಹೊರಗೆ ತಿರುಗಿಸಲು ನೋಡಿದರು, ನನ್ನ ಕಡೆ ನೋಡಿದರು, 'ಪಕ್ಕದಿಂದ ತೆಗೆದ ಎಕ್ಸ್‌ರೇ ಎಲ್ಲಿ?' ಅಂದರು. ತೆಗೆದೇ ಇರಲಿಲ್ಲ. ಭುಜ ಹಿಂದಕ್ಕೆ ಜಾರಿತ್ತು. ಕರೆಂಟ್ ಹೊಡೆದಾಗ, ಮೂರ್ಛೆ ಬಂದಾಗ ಹೀಗೆ ಹಿಂದಕ್ಕೆ ಜಾರುವುದುಂಟು, ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ ಅದು ತಪ್ಪಿಸಿಕೊಳ್ಳುತ್ತದೆ. ನಾನು 'ಹೇಗಾಯ್ತು' ಅಂತ ಕೇಳಿದ್ದೆ, ಉತ್ತರ ಕೇಳಿಸಿಕೊಂಡಿರಲಿಲ್ಲ.

ಹಾಗಾಗಿ ನೀವು ಮೊದಲು ಬರೆಯಿರಿ: ಮನೆಯವರು ಎತ್ತಿದಾಗ ಎಷ್ಟು ಎದ್ದಿತು?

ಮಗಳು ಈಜಿಗೆ ಹೋಗುತ್ತಾಳೆ, ವಾರದಿಂದ ಭುಜ ನೋವು. ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಬಹುದಾ? (ಸರಸ್ವತಿಪುರಂ, ಮೈಸೂರು)

ಬಿದ್ದು ಪೆಟ್ಟಾದ ಮೊದಲ ಎರಡು ದಿನ ತಿಕ್ಕಬಾರದು, ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಡಬೇಕು. ನಿಮ್ಮ ಮಗಳು ಬಿದ್ದಿಲ್ಲ, ಆದ್ದರಿಂದ ಎಣ್ಣೆ ಹಚ್ಚಿ ಮೆತ್ತಗೆ ನೀವಿ, ಹಾಯಾಗುತ್ತದೆ. ಕಾರಣ ಮಾತ್ರ ನೀರಿನಲ್ಲಿದೆ. ಕೈಗೆ ಪ್ಯಾಡಲ್ (ನೀರು ತಳ್ಳಲು ಅಂಗೈಗೆ ಕಟ್ಟುವ ಹಲಗೆ) ಹಾಕಿಸುತ್ತಿದ್ದರೆ ಬಿಡಿಸಿ, ದೂರವನ್ನು ಅರ್ಧಕ್ಕೆ ಇಳಿಸಿ. ಫ್ರೀಸ್ಟೈಲ್‌ನಲ್ಲಿ ಯಾವಾಗಲೂ ಒಂದೇ ಕಡೆ ತಿರುಗಿ ಉಸಿರು ತೆಗೆದುಕೊಳ್ಳುತ್ತಾಳಾ ನೋಡಿ, ಎರಡೂ ಕಡೆ ರೂಢಿ ಮಾಡಿಸಿ. ಎರಡು ವಾರಕ್ಕೂ ಬಗ್ಗದಿದ್ದರೆ, ರಾತ್ರಿ ನೋವಿಗೆ ಎಚ್ಚರ ಆಗುತ್ತಿದ್ದರೆ ಕರೆದುಕೊಂಡು ಬನ್ನಿ. ಬರುವಾಗ ತೋಳಿಲ್ಲದ ಬನಿಯನ್ ಹಾಕಿಸಿ, ಎರಡೂ ಭುಜ ನೋಡಬೇಕು.