ಅಮೆರಿಕದಲ್ಲಿರುವ ತಮ್ಮನಿಗೆ ಇಲ್ಲಿಂದ ದತ್ತು: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನನ್ನ ತಮ್ಮನಿಗೆ 45, ಅವನ ಹೆಂಡತಿಗೆ 42. ಇಬ್ಬರೂ ಅಮೆರಿಕದ ಪ್ರಜೆಗಳು, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದೆ. ಭಾರತದಿಂದ ಹಸುಗೂಸೊಂದನ್ನು ದತ್ತು ಪಡೆಯುವ ಆಸೆ. ಬೆಂಗಳೂರಿನ ಯಾವುದಾದರೂ ಆಶ್ರಮದಲ್ಲಿ ನಾವೇ ಮಗು ನೋಡಿಡಬಹುದಾ? ಎಷ್ಟು ಕಾಯಬೇಕು?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಆಶ್ರಮದಲ್ಲಿ ಮಗು ನೋಡಿಡುವ ಯೋಚನೆ ಇವತ್ತೇ ಬಿಡಿ. ಕಾನೂನಿನ ದಾರಿ ಬಿಟ್ಟು ಅನಾಥ ಮಗುವನ್ನು ದತ್ತು ಕೊಟ್ಟರೂ ತಪ್ಪು, ಪಡೆದರೂ ತಪ್ಪು. ಮೂರು ವರ್ಷದವರೆಗೆ ಜೈಲಾಗಬಹುದು. ಯಾರಾದರೂ 'ನಾನು ಮಾಡಿಸಿಕೊಡ್ತೀನಿ' ಅಂದರೆ ದೂರ ಇರಿ.

ನಿಮ್ಮ ತಮ್ಮ ಶುರು ಮಾಡಬೇಕಾದದ್ದು ಅಮೆರಿಕದಲ್ಲೇ. ನಮ್ಮ ಕೇಂದ್ರ ದತ್ತು ಪ್ರಾಧಿಕಾರ, ಅಂದರೆ ಕಾರಾ, ಅಲ್ಲಿನ ಕೆಲವು ಏಜೆನ್ಸಿಗಳಿಗೆ ಮಾನ್ಯತೆ ಕೊಟ್ಟಿದೆ. ಅವುಗಳಲ್ಲಿ ಒಂದರ ಮೂಲಕವೇ ಹೋಮ್ ಸ್ಟಡಿ (ಮನೆ, ಕುಟುಂಬದ ಪರಿಶೀಲನೆ), ಕಾರಾದಲ್ಲಿ ನೋಂದಣಿ ಎಲ್ಲ ಆಗುತ್ತದೆ. ಜೊತೆಗೆ ಅಲ್ಲಿನ ವಲಸೆ ಇಲಾಖೆಯಿಂದ ಐ-800ಎ ಅರ್ಜಿಗೆ, ಅಂದರೆ ಇವರು ವಿದೇಶದಿಂದ ದತ್ತು ಪಡೆಯಲು ಅರ್ಹರೇ ಎಂದು ನೋಡುವ ಅರ್ಜಿಗೆ, ಒಪ್ಪಿಗೆ ಸಿಗಬೇಕು.

ಇನ್ನು ವಯಸ್ಸಿನ ವಿಷಯ. ಇದನ್ನು ಎಷ್ಟೋ ಜನ ತಡವಾಗಿ ತಿಳಿಯುತ್ತಾರೆ. ಎರಡು ವರ್ಷದೊಳಗಿನ ಮಗು ಬೇಕೆಂದರೆ ಗಂಡ ಹೆಂಡತಿಯ ವಯಸ್ಸು ಸೇರಿ 85 ಮೀರಬಾರದು. ಇವರದು 87. ಎರಡರಿಂದ ನಾಲ್ಕು ವರ್ಷದ ಮಗುವಿಗೆ ಮಿತಿ 90, ನಾಲ್ಕರಿಂದ ಎಂಟಕ್ಕೆ 100. ಲೆಕ್ಕಕ್ಕೆ ಬರುವುದು ನೋಂದಣಿಯ ದಿನದ ವಯಸ್ಸು. ವರ್ಷ ಕಳೆದರೆ ಮೊತ್ತ ಎರಡು ಏರುತ್ತದೆ, ಹಾಗಾಗಿ ಮುಂದೂಡಬೇಡಿ.

ಕಾಯುವ ಕಾಲಕ್ಕೆ ನಾನು ದಿನಾಂಕ ಕೊಡಲಾರೆ, ಕೊಡುವವರನ್ನು ನಂಬಲೂಬೇಡಿ. ಮಗು ಮೊದಲು ಭಾರತದಲ್ಲಿರುವ ಹಾಗೂ ಎನ್‌ಆರ್‌ಐ (ವಿದೇಶದಲ್ಲಿರುವ ಭಾರತದ ಪ್ರಜೆ) ದಂಪತಿಗಳಿಗೆ. ಅಲ್ಲಿ ಮನೆ ಸಿಗದಿದ್ದರೆ ಮಾತ್ರ ವಿದೇಶಿ ಪ್ರಜೆಗಳ ಸರದಿ. ಇಲ್ಲಿ ಪುಟ್ಟ, ಆರೋಗ್ಯವಂತ ಮಗುವಿಗೆ ಕಾಯುವವರೇ ಜಾಸ್ತಿ. ಐದು ದಾಟಿದ ಮಗು, ಅಣ್ಣ ತಂಗಿ ಜೋಡಿ, ವಿಶೇಷ ಆರೈಕೆ ಬೇಕಾದ ಮಗು ಇವರಿಗೆ ಮನೆ ಸಿಗುವುದು ಕಷ್ಟ. ತಮ್ಮನ ಜೊತೆ ಈ ಮಾತು ಮನಸ್ಸು ಬಿಚ್ಚಿ ಆಡಿ. ಬರೀ ಬೇಗ ಆಗುತ್ತದೆ ಅಂತ ಒಪ್ಪಬೇಡಿ. ಆ ಮಗುವನ್ನು ಸಾಕುವ ಮನಸ್ಸಿದ್ದರೆ ಮಾತ್ರ ಹೂಂ ಅನ್ನಿ. ಮಗುವಿನ ವೈದ್ಯಕೀಯ ವರದಿ ಬಂದಾಗ ಮಕ್ಕಳ ತಜ್ಞರಿಗೆ ತೋರಿಸಿಯೇ ಸಹಿ ಹಾಕಲಿ.

ಮಗು ಗೊತ್ತಾದ ಮೇಲೆ ಹಂತಗಳು ಸ್ಪಷ್ಟ. ಅಮೆರಿಕದ ಒಪ್ಪಿಗೆ ಪತ್ರ, ಕಾರಾದ ಎನ್‌ಒಸಿ, ಆಮೇಲೆ ದತ್ತು ಆದೇಶ. 2022ರ ಸೆಪ್ಟೆಂಬರ್‌ನಿಂದ ಈ ಆದೇಶ ಕೊಡುವುದು ಕೋರ್ಟಲ್ಲ, ಜಿಲ್ಲಾಧಿಕಾರಿ. ಎರಡು ತಿಂಗಳಲ್ಲಿ ಮುಗಿಯಬೇಕೆಂದು ಕಾನೂನು ಹೇಳುತ್ತದೆ. ನಂತರ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ.

ಬೆಂಗಳೂರಿನಿಂದ ನೀವು ಮಾಡಬಹುದಾದ ದೊಡ್ಡ ಸಹಾಯ ಹೆಸರುಗಳನ್ನು ಸರಿಪಡಿಸುವುದು. ನಮ್ಮ ಕಡೆ ಇನಿಷಿಯಲ್ ಇರುತ್ತದಲ್ವಾ? ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಕೆ.ಎಸ್.', ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು ಪೂರ್ತಿ, ಮದುವೆ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು. ಫೈಲು ನಿಲ್ಲುವುದು ಇಂಥ ಕಡೆ. ಛತ್ರದಲ್ಲಿ ಮದುವೆಯಾಗಿ ನೋಂದಣಿಯೇ ಮಾಡಿಸದಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಏನೇನು ಬೇಕೆಂದು ಈಗಲೇ ಕೇಳಿ. ನಿಮ್ಮ ತಮ್ಮ ಊರಿಗೆ ಬಂದಾಗ ಆ ಕೆಲಸವನ್ನೇ ಮೊದಲು ಮುಗಿಸಿಕೊಳ್ಳಲಿ.