ಹಳೇ ಗಾಡಿ ಪ್ರಶ್ನೋತ್ತರ: ಕರೆಂಟ್ ಎಲ್ಲಿ ನಿಂತಿದೆ, ಮೊದಲು ಅದನ್ನು ಹುಡುಕಿ

ಪ್ರಶ್ನೆ: ನಮ್ಮದು 1984ರ ಪ್ರೀಮಿಯರ್ ಪದ್ಮಿನಿ, ಅಪ್ಪ ಕೊಂಡ ಗಾಡಿ. ಬೆಳಿಗ್ಗೆ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಗದಗ ಕಡೆ ಹೊರಟರೆ ಅಣ್ಣಿಗೇರಿ ಹತ್ತಿರ ಬರುವಷ್ಟರಲ್ಲಿ ಟಪ್ ಅಂತ ಬಂದ್ ಆಗಿಬಿಡುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಹೊರಡುತ್ತದೆ. ಪ್ಲಗ್, ಪಾಯಿಂಟ್, ಕಂಡೆನ್ಸರ್, ಕಾಯಿಲ್ ಎಲ್ಲಾ ಹೊಸವು ಹಾಕಿಸಿದ್ದೇನೆ. ಈಗ ಕಾರ್ಬೊರೇಟರ್ ಬದಲಿಸೋಣ ಅಂತ ಮಿಸ್ತ್ರಿ ಹೇಳುತ್ತಿದ್ದಾರೆ. ಬದಲಿಸಲೇನ್ರೀ ಸರ? (ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಬ್ಯಾಡ್ರೀ, ಕಾರ್ಬೊರೇಟರಿಗೆ ಈಗಲೇ ಕೈ ಹಚ್ಚಬೇಡಿ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು 'ಟಪ್ ಅಂತ'. ಪೆಟ್ರೋಲ್ ಸಿಗದೆ ನಿಲ್ಲುವ ಗಾಡಿ ಹಾಗೆ ನಿಲ್ಲುವುದಿಲ್ಲ. ಮೊದಲು ಜಗ್ಗುತ್ತದೆ, ಎಕ್ಸಿಲೇಟರ್ ಒತ್ತಿದರೂ ಎಳೆಯುವುದಿಲ್ಲ, ಒಂದು ಫರ್ಲಾಂಗ್ ಒದ್ದಾಡಿ ಆಮೇಲೆ ನಿಲ್ಲುತ್ತದೆ. ಕೀ ತಿರುಗಿಸಿದ ಹಾಗೆ ಒಮ್ಮೆಲೇ ನಿಂತರೆ ಹೆಚ್ಚಾಗಿ ಅದು ಕರೆಂಟಿನ ತಕರಾರು. ಅನುಮಾನ ಇದ್ದರೆ ನಿಂತ ಜಾಗದಲ್ಲೇ ನಾಲ್ಕು ಸಲ ಸೆಲ್ಫ್ ಹೊಡೆದು, ಒಂದು ಪ್ಲಗ್ ಬಿಚ್ಚಿ ಮೂಸಿ ನೋಡಿ. ತುದಿ ಹಸಿಯಾಗಿದ್ದು ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಒಳಗೆ ಹೋಗುತ್ತಿದೆ, ಕಿಡಿ ಸಿಗುತ್ತಿಲ್ಲ ಅಂತ ಅರ್ಥ. ಒಣಗಿದ್ದರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣ್ಣಗೆ ಮಾಡಿ. ಬಿಸಿಲಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ನಿಲ್ಲುವುದೂ ಉಂಟು.

ನಿಮ್ಮದು ಕರೆಂಟೇ ಅಂತ ಇಟ್ಟುಕೊಳ್ಳೋಣ. ಕೆಲಸ ನಡೆಯುವುದು ಹೀಗೆ. ಡೆಲ್ಕೊ (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಒಳಗಿನ ಪಾಯಿಂಟ್, ಅಂದರೆ ತೆರೆದು ಮುಚ್ಚುವ ಸಣ್ಣ ಸ್ವಿಚ್ಚು, ಮುಚ್ಚಿದ್ದಾಗ ಬ್ಯಾಟರಿಯ 12 ವೋಲ್ಟಿನ ಕರೆಂಟ್ ಕಾಯಿಲಿನಲ್ಲಿ ಹರಿದು ಅದನ್ನು ಅಯಸ್ಕಾಂತ ಮಾಡುತ್ತದೆ. ಪಾಯಿಂಟ್ ತೆರೆದ ತಕ್ಷಣ ಆ ಶಕ್ತಿ ಕುಸಿದು, ಕಾಯಿಲಿನ ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಅದು ಡೆಲ್ಕೊ ಒಳಗೆ ತಿರುಗುವ ರೋಟರ್ ಮೂಲಕ ಒಂದೊಂದೇ ಪ್ಲಗ್ಗಿಗೆ ಹೋಗುತ್ತದೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಇದು ಸೆಕೆಂಡಿಗೆ 100 ಸಲ ಆಗಬೇಕು. ಕಂಡೆನ್ಸರ್ ಚೆನ್ನಾಗಿದ್ದರೆ ಪಾಯಿಂಟ್ ತೆರೆಯುವಾಗ ಅಲ್ಲೇ ಕಿಡಿ ಹಾರದಂತೆ ತಡೆದು, ಕುಸಿತವನ್ನು ಚುರುಕು ಮಾಡುತ್ತದೆ. ಕೆಟ್ಟರೆ ಪ್ಲಗ್ಗಿಗೆ ಹೋಗಬೇಕಾದ ಕಿಡಿ ಪಾಯಿಂಟಿನಲ್ಲೇ ಉರಿದು ಹೋಗುತ್ತದೆ. (ನಮ್ಮ ಕಡೆ ಡಿಸ್ಟ್ರಿಬ್ಯೂಟರಿಗೆ 'ಡೆಲ್ಕೊ' ಅನ್ನುತ್ತಾರಲ್ಲ, ಅದು ಅಮೆರಿಕದ ಡೇಟನ್ನಿನಲ್ಲಿ ಚಾರ್ಲ್ಸ್ ಕೆಟರಿಂಗ್ ಅವರು 1909ರಲ್ಲಿ ಕಟ್ಟಿದ ಕಂಪನಿಯ ಹೆಸರು. 1912ರ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಮಾಡಿಕೊಟ್ಟವರೂ ಅವರೇ.)

ಬಿಸಿಯಾದಾಗ ಸತ್ತು, ತಣ್ಣಗಾದಾಗ ಬದುಕುವ ಸಾಮಾನು ಇದರಲ್ಲಿ ಹೆಚ್ಚಾಗಿ ಎರಡೇ: ಕಾಯಿಲ್ ಮತ್ತು ಕಂಡೆನ್ಸರ್. ಎರಡೂ ಹೊಸವು ಅಂತ ನೀವು ಬರೆದಿದ್ದೀರಿ. ಹೊಸದು ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತ ನಂಬಬೇಡಿ, ದಯವಿಟ್ಟು. ಇದನ್ನು ನಾನು ರಸ್ತೆಯಲ್ಲಿ ನಿಂತು ಕಲಿತದ್ದು. ಒಂದು ಅಂಗಡಿಯಲ್ಲಿ ಹೊಸ ಕಂಡೆನ್ಸರ್ ತಂದು ಹಾಕಿ ಹಾವೇರಿಗೆ ಹೊರಟಿದ್ದೆ. ವರೂರು ದಾಟಿ ಸ್ವಲ್ಪ ಹೊತ್ತಿಗೆ ಗಾಡಿ ನಿಂತಿತು. ಡೆಲ್ಕೊ ಕ್ಯಾಪ್ ತೆಗೆದು ಹೆಂಡತಿಗೆ ಸೆಲ್ಫ್ ಹೊಡೆಯಲು ಹೇಳಿ ಬಗ್ಗಿ ನೋಡಿದರೆ, ಪಾಯಿಂಟ್ ತೆರೆದಾಗಲೆಲ್ಲ ಅಲ್ಲಿ ದಪ್ಪ ಹಳದಿ ಕಿಡಿ ಚಟಚಟ ಅನ್ನುತ್ತಿತ್ತು. ಬಿಚ್ಚಿಟ್ಟ ಹಳೇ ಕಂಡೆನ್ಸರ್ ಡಿಕ್ಕಿಯಲ್ಲೇ ಇತ್ತು. ಅದನ್ನು ಹಾಕಿದೆ, ಆ ಹಳದಿ ಕಿಡಿ ಹೋಯಿತು, ಗಾಡಿ ಹೊರಟಿತು. ಅವತ್ತಿನಿಂದ ಚೆನ್ನಾಗಿದ್ದ ಹಳೇ ಕಂಡೆನ್ಸರನ್ನು ನಾನು ಎಸೆದಿಲ್ಲ.

ಹಾಗಾಗಿ ನೀವು ಮಾಡಬೇಕಾದ್ದು ಇಷ್ಟು. ಗಾಡಿ ಮನೆ ಮುಂದೆ ತಣ್ಣಗೆ ನಿಂತಾಗ ನೋಡಿ ಪ್ರಯೋಜನವಿಲ್ಲ, ಸತ್ತು ನಿಂತ ಜಾಗದಲ್ಲೇ ನೋಡಬೇಕು. ಬಿಚ್ಚಿದ ಪ್ಲಗ್ ವಾಪಸ್ ಹಾಕಿ, ಪೆಟ್ರೋಲ್ ಸೋರಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಡೆಲ್ಕೊ ಕ್ಯಾಪಿನ ನಡುವಿನ ದಪ್ಪ ವೈರ್ ಎಳೆದು, ಪ್ಲಾಸ್ಟಿಕ್ ಹಿಡಿಯ ಪಕ್ಕಡದಲ್ಲಿ ಹಿಡಿದು, ತುದಿ ಇಂಜಿನ್ ಬ್ಲಾಕಿನಿಂದ 5-6 ಮಿಲಿಮೀಟರ್ ದೂರ ಇರಲಿ. ಬರಿಗೈಯಲ್ಲಿ ಬೇಡ, ಜೋರಾಗಿ ಹೊಡೆಯುತ್ತದೆ. ಈಗ ಸೆಲ್ಫ್ ಹೊಡೆಸಿ. ನೀಲಿ ಕಿಡಿ ಪಟ್ ಪಟ್ ಅಂತ ಹಾರಿದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಮೂರೂ ಸರಿ, ತಕರಾರು ಅಲ್ಲಿಂದ ಮುಂದೆ, ಅಂದರೆ ರೋಟರ್, ಕ್ಯಾಪ್ ಅಥವಾ ಪ್ಲಗ್ ವೈರಿನಲ್ಲಿದೆ. ಕಿಡಿ ಬರದಿದ್ದರೆ, ಅಥವಾ ಹಳದಿಯಾಗಿ ಸಣ್ಣಗೆ ಬಂದರೆ, ತಕರಾರು ಹಿಂದೆ ಇದೆ.

ಆಗ 12 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ವೈರ್ ಹಚ್ಚಿಕೊಳ್ಳಿ. ಕೀ ಆನ್ ಇರಲಿ. ಒಂದು ವೈರ್ ಇಂಜಿನ್ನಿನ ಬರಿ ಲೋಹಕ್ಕೆ ತಾಗಿಸಿ, ಇನ್ನೊಂದನ್ನು ಮೊದಲು ಕಾಯಿಲಿಗೆ ಕೀಯಿಂದ ಕರೆಂಟ್ ಬರುವ ಕಡೆ ಇಟ್ಟು ನೋಡಿ. ಉರಿಯದಿದ್ದರೆ ಕೀ ಸ್ವಿಚ್ಚು ಅಥವಾ ಅಲ್ಲಿಂದ ಬರುವ ವೈರ್. ಉರಿದರೆ ಆ ಎರಡನೇ ವೈರನ್ನು ಕಾಯಿಲಿನಿಂದ ಡೆಲ್ಕೊಗೆ ಹೋಗುವ ಕಡೆ ಹಚ್ಚಿ ಸೆಲ್ಫ್ ಹೊಡೆಸಿ. ಹತ್ತಿ ಆರಿ, ಹತ್ತಿ ಆರಿ ಅನ್ನಬೇಕು. ಉರಿಯುತ್ತಲೇ ಇದ್ದರೆ ಪಾಯಿಂಟ್ ಕೂಡುತ್ತಿಲ್ಲ, ಇಲ್ಲವೇ ಡೆಲ್ಕೊಗೆ ಹೋಗುವ ವೈರ್ ಕಡಿದಿದೆ. ಹತ್ತದೇ ಇದ್ದರೆ ಪಾಯಿಂಟ್ ತೆರೆಯುತ್ತಿಲ್ಲ, ಅಥವಾ ಕಂಡೆನ್ಸರ್ ಒಳಗೇ ಶಾರ್ಟ್ ಆಗಿದೆ, ಅದೂ ಅಲ್ಲದಿದ್ದರೆ ಕಾಯಿಲಿನ ಸುತ್ತು ಕಡಿದಿದೆ. ಬಲ್ಬ್ ಸರಿಯಾಗಿ ಮಿಣುಕಿಯೂ ಕಿಡಿ ಇಲ್ಲದಿದ್ದರೆ ಮೊದಲು ಕಂಡೆನ್ಸರ್ ಬದಲಿಸಿ, ಆಮೇಲೆ ಕಾಯಿಲ್. ಒಂದು ಸಲಕ್ಕೆ ಒಂದೇ ಸಾಮಾನು. ನಾಲ್ಕೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಅಂತ ಯಾರಿಗೂ ತಿಳಿಯುವುದಿಲ್ಲ, ಹೊಸದಾಗಿ ಹಾಕಿದ್ದರಲ್ಲೇ ಒಂದು ಕೆಟ್ಟದ್ದು ಬಂದಿದ್ದರೆ ಅದೂ ತಿಳಿಯುವುದಿಲ್ಲ. ನಿಮಗೆ ಆಗಿರುವುದು ಇದೇ ಅಂತ ನನ್ನ ಅಂದಾಜು.

ಪ್ರಶ್ನೆ: ಅಂಬಾಸಡರ್ ಮಾರ್ಕ್ 3. ಬೇಸಿಗೆಯಲ್ಲಿ ಏನೂ ತೊಂದರೆ ಇಲ್ಲ. ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಬೆಳಿಗ್ಗೆ ಸ್ಟಾರ್ಟೇ ಆಗುವುದಿಲ್ಲ. (ಮಾಳಮಡ್ಡಿ, ಧಾರವಾಡ)

ಉತ್ತರ: ಧಾರವಾಡದ ಮಳೆಗಾಲ ಗೊತ್ತಲ್ವಾ, ವಾರಗಟ್ಟಲೆ ಬಟ್ಟೆಯೇ ಒಣಗುವುದಿಲ್ಲ. ವೈರಿನ ಮೇಲೆ, ಕ್ಯಾಪಿನ ಒಳಗೆ ತೇವ ಕೂತರೆ ಕಿಡಿ ಪ್ಲಗ್ಗಿನವರೆಗೆ ಹೋಗದೆ ಆ ತೇವದ ದಾರಿ ಹಿಡಿದು ಇಂಜಿನ್ನಿಗೆ ಇಳಿದುಬಿಡುತ್ತದೆ. ರಾತ್ರಿ ಲೈಟ್ ಆರಿಸಿ, ಬಾನೆಟ್ ಎತ್ತಿ, ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಕತ್ತಲಲ್ಲಿ ವೈರಿನ ಮೇಲೆ ನೀಲಿ ಗೆರೆ ಹರಿದಾಡುವುದು ಕಂಡರೆ ಆ ವೈರ್ ಮುಗಿದಿದೆ. ಕ್ಯಾಪ್ ತೆಗೆದು ಒಳಗೂ ನೋಡಿ. ಪೆನ್ಸಿಲಿನಲ್ಲಿ ಗೀಚಿದ ಹಾಗೆ ಒಂದು ಕಪ್ಪು ಗೆರೆ ಒಂದು ಹಿತ್ತಾಳೆ ಕಂಬದಿಂದ ಇನ್ನೊಂದಕ್ಕೆ ಹೋಗಿದ್ದರೆ ಎಷ್ಟು ಒರೆಸಿದರೂ ಸುಮ್ನೆ, ಕ್ಯಾಪ್ ಬದಲಿಸಲೇಬೇಕು. ಗೆರೆ ಇಲ್ಲದಿದ್ದರೆ ಒಣಬಟ್ಟೆಯಲ್ಲಿ ಒರೆಸಿ, ಒಲೆ ಹತ್ತಿರ ಸ್ವಲ್ಪ ಹೊತ್ತು ಇಟ್ಟು ಬೆಚ್ಚಗೆ ಮಾಡಿ ಹಾಕಿ. ನಡುವಿನ ಕಾರ್ಬನ್ ಕಡ್ಡಿ ಬೆರಳಲ್ಲಿ ಒತ್ತಿದರೆ ಸ್ಪ್ರಿಂಗ್ ಹಾಗೆ ವಾಪಸ್ ಬರಬೇಕು, ಅದನ್ನೂ ನೋಡಿ.

ಪ್ರಶ್ನೆ: ನಮ್ಮದೂ ಅಂಬಾಸಡರ್. ಸ್ಲೋದಲ್ಲಿ ಚೆನ್ನಾಗಿ ಓಡುತ್ತದೆ, ಎಕ್ಸಿಲೇಟರ್ ಒತ್ತಿದರೆ ಮಿಸ್ಸಿಂಗ್. ಇಬ್ಬರು ಮಿಸ್ತ್ರಿಗಳು ನೋಡಿ ಕೈ ಬಿಟ್ಟಿದ್ದಾರೆ. (ಹಾವೇರಿ)

ಉತ್ತರ: ಡೆಲ್ಕೊ ಪಕ್ಕದ ಡಬ್ಬಿಗೆ ಹೋಗುವ ತೆಳು ವ್ಯಾಕ್ಯೂಮ್ ಪೈಪ್ ಬಿಚ್ಚಿ, ಅದರ ಬಾಯಿ ಮುಚ್ಚಿ, ಒಂದು ಸುತ್ತು ಓಡಿಸಿ ನೋಡಿ. ಮಿಸ್ಸಿಂಗ್ ಹೋದರೆ ತಕರಾರು ಸಿಕ್ಕ ಹಾಗೇ. ಎಕ್ಸಿಲೇಟರ್ ಒತ್ತಿದಾಗ ಆ ವ್ಯಾಕ್ಯೂಮ್ ಪಾಯಿಂಟ್ ಕೂತ ತಟ್ಟೆಯನ್ನು ಎಳೆಯುತ್ತದೆ. ತಟ್ಟೆ ಜೊತೆಗೆ ಎರಡು ಸಣ್ಣ ವೈರ್ ಅಲುಗಾಡುತ್ತವೆ: ಒಂದು ಪಾಯಿಂಟಿಗೆ ಕರೆಂಟ್ ತರುವುದು, ಇನ್ನೊಂದು ಅರ್ಥಿಂಗ್. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ತಾಮ್ರದ ಎಳೆಗಳು ಕಡಿದಿರುತ್ತವೆ, ಮೇಲಿನ ಹೊದಿಕೆ ಮಾತ್ರ ಹಾಗೇ ಇರುತ್ತದೆ. ಕಣ್ಣಿಗೆ ಚೆನ್ನಾಗೇ ಕಾಣುತ್ತದೆ, ಅದಕ್ಕೇ ಯಾರಿಗೂ ಸಿಗುವುದಿಲ್ಲ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ತಾಮ್ರ ಗಟ್ಟಿ ಇದ್ದರೆ ಹಿಗ್ಗುವುದಿಲ್ಲ, ಕಡಿದಿದ್ದರೆ ರಬ್ಬರ್ ಹಾಗೆ ಉದ್ದ ಬರುತ್ತದೆ. ಹೊಸದು ಹಾಕುವಾಗ ತೆಳು ಎಳೆಗಳಿರುವ ಮೆತ್ತನೆ ವೈರೇ ಹಾಕಿ. ಮನೆ ವೈರಿಂಗಿನ ಗಟ್ಟಿ ತುಂಡು ಹಾಕಿದರೆ ತಿಂಗಳಲ್ಲಿ ಮತ್ತೆ ಕಡಿಯುತ್ತದೆ.

ಪ್ರಶ್ನೆ: ಪದ್ಮಿನಿಯ ಪಾಯಿಂಟ್ ಜಾಸ್ತಿ ದಿನ ಬಾಳುತ್ತಿಲ್ಲ, ಸುಟ್ಟು ಕಪ್ಪಾಗುತ್ತದೆ. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ಹೇಗೆ? (ಗದಗ)

ಉತ್ತರ: ಹಾಕಿಸಬಹುದು, ದಿನಾ ಓಡಿಸುವವರಿಗೆ ಒಳ್ಳೆಯದೇ. ಆದರೆ ಸುಡುತ್ತಿರುವ ಕಾರಣ ಹುಡುಕದೆ ಹಾಕಿದರೆ ಅದೂ ಸುಡಬಹುದು. ಮಲ್ಟಿಮೀಟರಿನಲ್ಲಿ ಕಾಯಿಲಿನ ಎರಡು ಸಣ್ಣ ಟರ್ಮಿನಲ್ ನಡುವೆ ಅಳೆಯಿರಿ. ನೇರ 12 ವೋಲ್ಟಿನ ಕಾಯಿಲ್ ಸುಮಾರು 3 ಓಮ್ ತೋರಿಸುತ್ತದೆ. ಒಂದೂವರೆ ಓಮ್ ಬಂದರೆ ಅದು ಬ್ಯಾಲಾಸ್ಟ್ ರೆಸಿಸ್ಟರ್ (ಕರೆಂಟ್ ಕಡಿಮೆ ಮಾಡುವ ತಡೆ) ಜೊತೆ ಹಾಕುವ ಕಾಯಿಲ್. ರೆಸಿಸ್ಟರ್ ಇಲ್ಲದೆ ಹಾಕಿದ್ದರೆ ದುಪ್ಪಟ್ಟು ಕರೆಂಟ್ ಹರಿದು ಪಾಯಿಂಟ್ ಸುಡುತ್ತದೆ. ಕಾಯಿಲ್ ಸರಿ ಇದ್ದರೆ ಕಂಡೆನ್ಸರ್ ನೋಡಿ. ಪಾಯಿಂಟ್ ತೆರೆದಾಗಿನ ಗ್ಯಾಪ್ ಸುಮಾರು 0.4 ಮಿಲಿಮೀಟರ್ ಇಡಿ, ಪಾಯಿಂಟಿನ ಹಿಮ್ಮಡಿ ಕ್ಯಾಮಿನ (ಪಾಯಿಂಟ್ ತೆರೆಯಲು ಡೆಲ್ಕೊ ನಡುವೆ ತಿರುಗುವ ಏಣುಗಳ ಕಂಬ) ಏಣಿನ ಮೇಲೆ ಪೂರ್ತಿ ಏರಿದಾಗ ಅಳೆಯಬೇಕು. ಗ್ಯಾಪ್ ಅಳೆಯುವ ತೆಳು ಪಟ್ಟಿಗೆ, ಅಂದರೆ ಫೀಲರ್ ಗೇಜಿಗೆ, ಎಣ್ಣೆ ಮೆತ್ತಿರುತ್ತದೆ, ಒರೆಸಿಕೊಂಡು ಹಾಕಿ. ಆ ಎಣ್ಣೆ ಪಾಯಿಂಟಿಗೆ ಅಂಟಿದರೂ ಸುಟ್ಟು ಕಪ್ಪಾಗುತ್ತದೆ. ಕೊನೆಗೆ ಒಂದು ಬಿಳಿ ಕಾಗದದ ಚೂರನ್ನು ಪಾಯಿಂಟ್ ನಡುವೆ ಇಟ್ಟು ಎಳೆಯಿರಿ, ಕಾಗದ ಬಿಳಿಯಾಗೇ ಹೊರಬರುವವರೆಗೆ.